ಮರ್ಡೋ ಲಾಮಂಟನ ವಂಶ

ಹಾಕಿಯಂಥ ಕೋಲು-ಚೆಂಡಿನಾಟವಾದ ಶಿಂಟಿಯ ಪಂದ್ಯ ಬಿರುಸಾಗಿದ್ದಾಗಲೇ, ಮೈದಾನದಂಚಿನಲ್ಲಿ ನಿಂತಿದ್ದ ಮರ್ಡೋ ಲಾಮಂಟನ ಬಳಿಗೆ ತಂಗಿಯ ಮಗಳು ಐಲಾ ಫೋನ್ ಹಿಡಿದು ಓಡಿ ಬಂದಳು. "ಮಾವಾ, ಡಿಎನ್ಎ ಫಲಿತಾಂಶ ಬಂತು!"

ಮಕ್ಕಳಿಲ್ಲದ ಮರ್ಡೋ, ವಂಶ ತನ್ನೊಂದಿಗೇ ಮುಗಿಯಿತೆಂದು ಕೊರಗುತ್ತಿದ್ದವನು. ಫೋನಿನತ್ತ ಬಾಗಿದ. "ನಮ್ ವಂಶದೋರು ಯಾರಾದ್ರೂ ಸಿಕ್ರೇನೇ?"

"ಸಿಕ್ರು. ಬಯ್ಬೇಡ ಮತ್ತೆ! ಆಚೆ ಊರಿನ ರಾನಲ್ಡ್ ಮ್ಯಾಕ್‌ವಿಕಾರ್. ಮನೆತನದ ಹೆಸರು ಬೇರೆ ಬೇರೆ, ಮೂಲಪುರುಷ ಮಾತ್ರ ಇಬ್ರಿಗೂ ಒಬ್ನೇ."

"ಆ ಕಳ್ಳನಾ!" ಎನ್ನುತ್ತಾ ಮರ್ಡೋ ಮೈದಾನದತ್ತ ತಿರುಗಿದ. ಅವನು ಜೀವಮಾನವಿಡೀ ಬೈಯುತ್ತ ಬಂದ ಎದುರಾಳಿ ತಂಡದಲ್ಲಿ ರಾನಲ್ಡನ ನಾಲ್ವರು ಗಂಡುಮಕ್ಕಳಿದ್ದರು. ಕಿರಿಯವನು ಕೋಲು ಬೀಸುತ್ತ, ಚೆಂಡಿನೊಡನೆ ಮರ್ಡೋನ ಊರಿನವರ ಗೋಲಿಗೇ ನುಗ್ಗುತ್ತಿದ್ದ.

ಮರ್ಡೋ ಟೋಪಿಯನ್ನು ಮೇಲಕ್ಕೆ ತೂರಿ, ಗಂಟಲು ಹರಿಯುವಂತೆ ಕೂಗಿದ: "ಬಿಡ್ಬೇಡ, ಗೋಲು ಹೊಡಿಯೋ ನನ್ ಮಗನೇ!"