ಹಾಲಿನವನ ಕಾಲುಪಟ್ಟಿ

ಹೆಪ್ಪಿಗೆ ಮೊಸರು ಕೇಳಿದಂತೆ ಕಾಲುಪಟ್ಟಿ ಎರವಲು ಕೇಳುವುದು ಹಿರಿಯೂರಿನಲ್ಲಿ ಮಾಮೂಲು. ಒಬ್ಬರು ವರ್ಷಗಟ್ಟಲೆ ಕಟ್ಟಿಕೊಂಡ ಪಟ್ಟಿ ಅವರ ಮಾಂಸಖಂಡಗಳ ಚಾಳಿಯನ್ನೆಲ್ಲ ಕಲಿತಿರುತ್ತದೆ. ಅದನ್ನು ಇನ್ನೊಬ್ಬರು ಕಟ್ಟಿಕೊಂಡರೆ ಅವರ ಕಾಲೂ ಹಾಗೇ ಆಡುತ್ತದೆ. ಜನ್ಮದಲ್ಲಿ ಸೈಕಲ್ ಹತ್ತದ ಪಂಕಜಾಕ್ಷಮ್ಮ ಮಹಿಳಾ ಸಮಾಜದ ಸೈಕಲ್ ಪಂದ್ಯಕ್ಕೆಂದು, ಸೈಕಲ್ಲಿನಲ್ಲಿ ಮನೆಮನೆಗೆ ಹಾಲು ಹಾಕುವ ದಸ್ತಗೀರನ ಪಟ್ಟಿ ತಂದಿದ್ದರು. ರಂಗೋಲಿ, ಹೋಳಿಗೆ, ಹಾಡು, ಎಲ್ಲದರಲ್ಲೂ ಗೆಲ್ಲುತ್ತಿದ್ದ ನಾದಿನಿ ವನಜಾಳನ್ನು ಒಮ್ಮೆಯಾದರೂ ಸೋಲಿಸಬೇಕಿತ್ತು.

ಸೀಟಿ ಊದಿದ್ದೇ ತಡ, ಕಾಲು ಜೋರಾಗಿ ತುಳಿಯಿತು. ಮೊದಲ ಮನೆಯ ಗೇಟು ಬಂದದ್ದೇ ಆ ಕಾಲು ತಾನಾಗಿ ನೆಲಕ್ಕೂರಿ ನಿಂತಿತು. ಎರಡನೆಯ ಗೇಟಿನಲ್ಲೂ ಅದೇ ಕಥೆ.

"ಅತ್ತಿಗೇ, ನಮ್ಮನೆಗೂ ಅರ್ಧ ಲೀಟರ್ ಹಾಕಿಬಿಡಿ!" ಎಂದು ಮುಂದಿನಿಂದ ವನಜಾ ಕೂಗಿದಳು. ಬೀದಿಯೆಲ್ಲ ನಕ್ಕಿತು.

"ಹೋಗೇ, ನಿನಗೆ ನೀರು ಹಾಲೇ ಗತಿ!" ಎಂದ ಪಂಕಜಾಕ್ಷಮ್ಮನಿಗೂ ನಗು ತಡೆಯಲಾಗಲಿಲ್ಲ.

ವನಜಾ ಇನ್ನೇನು ಗೆರೆ ಮುಟ್ಟಬೇಕು, ಅಷ್ಟರಲ್ಲಿ ಇವರು ವಕೀಲರ ಮನೆ ಮುಂದೆ ಬಂದರು. ಆ ಮನೆಯ ನಾಯಿ ದಿನಾ ದಸ್ತಗೀರನನ್ನು ಅಟ್ಟಿಸಿಕೊಂಡು ಬರುತ್ತಿತ್ತು. ಇವತ್ತು ಅದು ಮೆಟ್ಟಿಲ ಮೇಲೆ ಮಲಗಿ ಆಕಳಿಸುತ್ತಿತ್ತು. ಕಾಲಿಗೆ ಅದೆಲ್ಲ ಏನು ಗೊತ್ತು? ಜೀವ ಕೈಯಲ್ಲಿ ಹಿಡಿದವರಂತೆ ತುಳಿಯಿತು. ಸೆರಗು ಹಾರಿತು, ತುರುಬು ಬಿಚ್ಚಿತು. "ಅಯ್ಯಯ್ಯೋ, ಜರುಗೇ!" ಎಂದು ಕಿರುಚುತ್ತ, ನಗುತ್ತ ಪಂಕಜಾಕ್ಷಮ್ಮ ನಾದಿನಿಯನ್ನೂ ಗೆರೆಯನ್ನೂ ದಾಟಿಬಿಟ್ಟರು.

ಗೆದ್ದದ್ದೇನೋ ಆಯಿತು, ಕಾಲು ನಿಲ್ಲಬೇಕಲ್ಲ! ಅದು ನಿಂತದ್ದು ದಸ್ತಗೀರ ದಿನಾ ಹಾಲು ತುಂಬಿಸಿಕೊಳ್ಳುವ ಪಕ್ಕದ ಬೀದಿಯ ಡೇರಿಯಲ್ಲಿ, ಕ್ಯಾನು ಹಿಡಿದವರ ಸಾಲಿನ ಕೊನೆಗೆ. ವನಜಾ ಏದುಸಿರು ಬಿಡುತ್ತ ಬಂದಳು.

"ಬನ್ನಿ ಅತ್ತಿಗೆ, ಅಲ್ಲಿ ಅಧ್ಯಕ್ಷರು ಕಪ್ ಹಿಡ್ಕೊಂಡು ಕಾಯ್ತಿದಾರೆ."

"ಸಾಲು ಬಿಟ್ಟು ಬರೋಕೆ ಈ ಕಾಲು ಒಪ್ಪುತ್ತಿಲ್ಲ ಕಣೇ. ನೀನೇ ತಂದುಕೊಡು," ಎಂದರು ಪಂಕಜಾಕ್ಷಮ್ಮ, ರಾಣಿಯ ಗತ್ತಿನಲ್ಲಿ.