ಕರ್ಪೂರದೆಣ್ಣೆ

ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ಬಂದರೆ ಸಾಕು, ಇವತ್ತಿಗೂ ನಾನು ಚಾಮರಾಜಪೇಟೆಯ ವಠಾರದಲ್ಲಿ ಅಜ್ಜಿಯ ತೊಡೆ ಮೇಲೆ ತಲೆಯಿಟ್ಟಿರುತ್ತೇನೆ.

ಅದೊಂದು ಭಾನುವಾರ ಮಧ್ಯಾಹ್ನ. ಚರ್ಚು ಮುಗಿಸಿ ಬಂದು ಅಜ್ಜಿ ನನ್ನ ತಲೆಗೆ ಆ ಎಣ್ಣೆ ಹಚ್ಚಿ ಹೇನು ತೆಗೆಯುತ್ತಿದ್ದಳು. ಕುಡಿದು ಬಂದಿದ್ದ ಚಿಕ್ಕಪ್ಪ ಹೊಸ್ತಿಲ ಪಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದ.

"ಪಾಪ ಮಾಡೋರನ್ನ ಕಂಡ್ರೆ ದೇವರಿಗೆ ಆಗಲ್ವಂತೆ, ಸಂಡೇ ಸ್ಕೂಲ್ ಟೀಚರ್ ಹೇಳಿದ್ರು. ಚಿಕ್ಕಪ್ಪನ್ನ ಕಂಡ್ರೂ ಆಗಲ್ವಾ ಅಜ್ಜಿ?"

ಅಜ್ಜಿ ಒಂದು ಹೇನನ್ನು ಉಗುರಿನ ಮೇಲಿಟ್ಟು ಚಟ್ಟನೆ ಕುಕ್ಕಿದಳು. "ಈ ದರಿದ್ರ ಹೇನು ಕಂಡ್ರೆ ನಂಗೆ ಮೈಯೆಲ್ಲ ಉರಿಯತ್ತೆ" ಎಂದು ನನ್ನ ತಲೆಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ಮುಖ ತಿರುಗಿಸದೆಯೇ, "ಅಮ್ಮಾ, ನನ್ನ ತಲೆಗೂ ಒಂಚೂರು ಎಣ್ಣೆ ಹಚ್ತೀಯಾ?" ಎಂದ.

ಅಜ್ಜಿ ನನ್ನನ್ನು ಎಬ್ಬಿಸಲಿಲ್ಲ. "ಬಾರೋ" ಎಂದು ಇನ್ನೊಂದು ತೊಡೆ ತಟ್ಟಿದಳು.