ಬಿಳಿ ಜೇನಿನ ಬಟ್ಟಲು

ಅತಿಥಿ ಬಂದು ಕೂತ ಮೇಲೆ ಕೊಯ್ಯೋಕೆ ಕುರಿಯನ್ನು ಬಿಚ್ಚಿ ಬಾಗಿಲಿಗೆ ತಾ ಎಂದು ಅಜ್ಜಿ ಹೇಳಿದಾಗ ಅಕ್ಮಾರಲ್‌ಗೆ ಅಳುವೇ ಬಂತು.

"ಬೇಡ ಅಜ್ಜಿ, ಬರೀ ಚಹಾ ಕೊಡು ಸಾಕು. ಮೇಷ್ಟ್ರೂ ಅದನ್ನೇ ಹೇಳಿದ್ದು. ಸಹಾಯನಿಧಿಯವರು ಬರ್ತಿರೋದೇ ನಮ್ಮನೇಲಿ ಏನೂ ಇಲ್ಲ ಅನ್ನೋದನ್ನ ನೋಡೋಕೆ."

"ಏನೂ ಇಲ್ಲ ಅಂತ ತೋರಿಸೋಕೆ ಯಾರಾದ್ರೂ ಅತಿಥೀನ ಕರೀತಾರೇನೆ?" ಬುರುಲ್ಕಾನ್ ಅಜ್ಜಿ ತಲೆವಸ್ತ್ರ ಬಿಗಿದು ಕಟ್ಟಿಕೊಂಡಳು. "ಬರೀ ಚಹಾ ಕುಡಿಸಿ ಕಳಿಸಿದ್ಲು ಅಂತ ಊರೆಲ್ಲ ಆಡ್ಕೋಬೇಕಾ? ನಾಳೆ ಮೇಲೆ ಹೋದಾಗ ನಿಮ್ಮಜ್ಜನಿಗೆ ಯಾವ ಮುಖ ತೋರಿಸ್ಲಿ?"

ಊರಿನ ಶಾಲೆ ಒಂಬತ್ತನೇ ತರಗತಿಗೇ ಮುಗಿಯುತ್ತದೆ. ಮುಂದಿನ ಎರಡು ವರ್ಷಕ್ಕೆ ಪಟ್ಟಣದ ಹಾಸ್ಟೆಲೇ ಗತಿ. ಬಡ ಮಕ್ಕಳ ಸಹಾಯನಿಧಿ ಕೈ ಹಿಡಿಯದಿದ್ದರೆ ಅಕ್ಮಾರಲ್‌ಳ ಓದು ಇಲ್ಲಿಗೇ ನಿಂತಂತೆ. ಹೋದ ವರ್ಷ ಪಕ್ಕದ ಮನೆಯ ಬೇಶೆನ್, ನಿಧಿಯವರು ಬಂದರೆಂದು ಎಲ್ಲಿಂದಲೋ ಬೆಣ್ಣೆ, ಮಾಂಸ ಹೊಂಚಿ ಬಡಿಸಿದ್ದ. ಬಂದವರು ಬೆರಳು ಚೀಪುತ್ತ ಉಂಡರು; ಈ ಮನೆಗೆ ಯಾವ ಕೊರತೆಯೂ ಇಲ್ಲವೆಂದು ತೀರ್ಮಾನಿಸಿ ಹೊರಟುಹೋದರು. ಅವನ ಮಗಳು ಈಗ ಸಂತೆಯಲ್ಲಿ ಕಡುಬು ಮಾರುತ್ತಾಳೆ. ಅಷ್ಟಾದರೂ ಊರಿಗೆ ಬುದ್ಧಿ ಬಂದಿರಲಿಲ್ಲ. ಅತಿಥಿ ಬಂದರೆ ಬಡತನವನ್ನು ಕೌದಿಯ ಕೆಳಗೆ ಮುಚ್ಚಿಡುವುದೇ ಇಲ್ಲಿಯ ಮರ್ಯಾದೆ. ಇನ್ನು ಈ ಕುರಿಯೋ, ಮನೆಯಲ್ಲಿ ಉಳಿದಿದ್ದ ಒಂದೇ ಒಂದು. ಅದನ್ನು ಮಾರಿ ಅಕ್ಮಾರಲ್‌ಗೆ ಚಳಿಗಾಲದ ಕೋಟು, ಬೂಟು ಎಂದು ಮಾತಾಗಿತ್ತು.

ನಿಧಿಯಿಂದ ಬಂದವಳು ನಾಜಿರಾ ಎಂಬ ನಡುವಯಸ್ಸಿನ ಹೆಂಗಸು. ಬೆಳಗಿನಿಂದ ಇದು ಅವಳಿಗೆ ಮೂರನೇ ಮನೆ. ಕರಿದ ರೊಟ್ಟಿ, ಬೆಣ್ಣೆ, ಏಪ್ರಿಕಾಟು, ನಡುವೆ ನೀಲಿ ಹೂವಿನ ಬಟ್ಟಲಲ್ಲಿ ಗಟ್ಟಿ ಬಿಳಿ ಜೇನು. ಇಷ್ಟೆಲ್ಲ ಹರಡಿದ್ದನ್ನು ನೋಡುತ್ತ ಅವಳು ಕೌದಿಯ ಮೇಲೆ ಕುಳಿತಳು.

"ಮನೇಲಿ ಯಾರು ದುಡಿಯೋರು ಅಜ್ಜಿ?"

"ಸೊಸೆ, ಇವಳಮ್ಮ, ಮಾಸ್ಕೋದಲ್ಲಿದಾಳೆ. ತುಂಬಾ ಕೆಲಸ ಪಾಪ, ಫೋನ್ ಮಾಡೋಕೂ ಪುರಸೊತ್ತಿಲ್ಲ. ನೀನು ತಿನ್ನು."

"ಊಟ ತಿಂಡಿಗೆ ಕಷ್ಟ ಇದೆಯಾ?"

"ದೇವರ ದಯೆ, ಏನೂ ಕಮ್ಮಿ ಇಲ್ಲ. ಜೇನು ತಗೋ, ಜೇನು."

ಅಕ್ಮಾರಲ್ ತಲೆ ತಗ್ಗಿಸಿದಳು. ಅಜ್ಜಿಯ ಒಂದೊಂದು ಮಾತಿಗೂ ಪಟ್ಟಣದ ಶಾಲೆ ಇನ್ನಷ್ಟು ದೂರ ಹೋಗುತ್ತಿತ್ತು. ಅಜ್ಜಿಯ ಮೇಲೆ ಅವಳಿಗೆ ಎಂದೂ ಬಾರದಷ್ಟು ಸಿಟ್ಟು ಬಂತು.

ನಾಜಿರಾ ಜೇನಿಗೆ ಚಮಚ ಹಾಕಲು ಹೋಗಿ ಕೈ ತಡೆದಳು. ಬಟ್ಟಲಿನ ಅಂಚು ಒಂದು ಕಡೆ ಒಡೆದಿತ್ತು. ಬೆಳಿಗ್ಗೆ ಮೊದಲನೇ ಮನೆಯಲ್ಲಿ ಅವಳು ತೋಡಿದ್ದ ಗುಳಿ ಆ ಗಟ್ಟಿ ಜೇನಿನಲ್ಲಿ ಹಾಗೆಯೇ ಇತ್ತು. ಎರಡನೇ ಮನೆಯಲ್ಲಿ ತೋಡಿದ್ದು ಅದರ ಪಕ್ಕದಲ್ಲಿತ್ತು. ಅವಳು ಮೂರನೆಯ ಗುಳಿ ತೋಡಿ ಬಾಯಿಗಿಟ್ಟುಕೊಂಡಳು.

ಅಷ್ಟರಲ್ಲಿ ಅಜ್ಜಿ ಕಣ್ಸನ್ನೆ ಮಾಡಿದಳು. ಅಕ್ಮಾರಲ್ ಎದ್ದು ಹೋಗಿ ಕುರಿಯನ್ನು ಹೊಸ್ತಿಲಿಗೆ ಎಳೆದು ತಂದಳು. ಅಂಗಳದಲ್ಲಿ ಬೇಶೆನ್ ಚಾಕು ಮಸೆಯುವ ಸದ್ದು ಕೇಳುತ್ತಿತ್ತು.

"ಹರಸು ಮಗಳೇ, ಕೊಯ್ಯೋಣ," ಎಂದಳು ಅಜ್ಜಿ. ಅತಿಥಿ ಹರಸದೆ ಕೊಯ್ಯುವ ಪದ್ಧತಿ ಅಲ್ಲಿಲ್ಲ.

"ಇದೂ..." ನಾಜಿರಾ ತಡೆದು ಕೇಳಿದಳು. "ಕುರಿ ನಿಮ್ಮದೇನಾ ಅಜ್ಜಿ?"

"ಹೂಂ, ಕುರಿ ಮಾತ್ರ ನಮ್ಮದೇ," ಎಂದುಬಿಟ್ಟ ಅಜ್ಜಿ ತುಟಿ ಕಚ್ಚಿಕೊಂಡಳು.

ನಾಜಿರಾ ಹುಡುಗಿಯ ಕಡೆ ನೋಡಿದಳು. ಹುಡುಗಿ ಹಗ್ಗವನ್ನು ಕೈಗೆ ಸುತ್ತಿಕೊಂಡು ನಿಂತಿದ್ದಳು. ಕುರಿ ಬೇಡವೆಂದರೆ ಮನೆಗೆ ಅವಮಾನ, ಹರಸಿದರೆ ಅದರ ಕತೆ ಮುಗಿಯಿತು. ನಾಜಿರಾ ಹರಸಲು ಎರಡೂ ಅಂಗೈ ಎತ್ತಿದಳು. ಎಲ್ಲರೂ ಎತ್ತಿದರು. ಚಾಕುವಿನ ಸದ್ದು ನಿಂತಿತು.

"ಅಕ್ಮಾರಲ್ ಪಟ್ಟಣದಲ್ಲಿ ಹನ್ನೊಂದನೇ ತರಗತಿ ಮುಗಿಸಿ ಬಂದ ದಿನ, ಈ ಕುರಿಯನ್ನ ಇದೇ ಮನೇಲಿ ಕೊಯ್ದು, ಮೊದಲ ತುತ್ತು ನಾನೇ ಉಣ್ಣೋ ಹಾಗಾಗಲಿ. ಅಲ್ಲೀವರೆಗೂ ಇದರ ಕೂದಲೂ ಕೊಂಕದಿರಲಿ. ಓಮಿನ್."

ಅಜ್ಜಿಯ ಕೈ ಮುಖದ ಮುಂದೆಯೇ ನಿಂತಿತು. ಅತಿಥಿ ಹರಸಿ ಆಡಿದ ಮಾತನ್ನು ತೆಗೆದುಹಾಕುವವರು ಆ ಬೆಟ್ಟಗಳ ನಡುವೆ ಇನ್ನೂ ಹುಟ್ಟಿರಲಿಲ್ಲ. ಕೊನೆಗೆ ಅವಳು ಮುಖ ಸವರಿಕೊಂಡು "ಓಮಿನ್", ಹಾಗೇ ಆಗಲಿ, ಎಂದಳು. ಅಕ್ಮಾರಲ್ ಕುರಿಯ ಕೊರಳಿಗೆ ಮುಖ ಒತ್ತಿ ಬಿಕ್ಕಿದಳು.

"ತಿಂಗಳ ಕೊನೆಗೆ ಹಾಸ್ಟೆಲಿಗೆ ಬಂದುಬಿಡು," ನಾಜಿರಾ ಅವಳ ಬೆನ್ನು ತಟ್ಟಿದಳು. "ಇಲ್ಲಿ ಕುರಿ ಮಾರಿಯೇ ತಾನೆ ಕೋಟು, ಬೂಟು ಕೊಳ್ಳೋದು? ಅವನ್ನೂ ನಿಧಿಯಿಂದಾನೇ ಕೊಡಿಸೋಣ. ಕುರೀನ ಮಾರೋ ಹಾಗಿಲ್ವಲ್ಲ ಇನ್ನು."

"ಎರಡು ವರ್ಷಕ್ಕೆ ಅದು ಮುದಿಯಾಗುತ್ತೆ, ಮಾಂಸ ಬೇಯಲ್ಲ," ಅಜ್ಜಿ ಗೊಣಗಿದಳು.

"ನನ್ನ ಹಲ್ಲು ಗಟ್ಟಿ ಇದೆ ಬಿಡಿ." ನಾಜಿರಾ ಎದ್ದಳು. ಬೇಲಿಯಾಚೆ ಮುಂದಿನ ಮನೆಯ ಸೈರಾ ಕತ್ತು ನೀಳ ಮಾಡಿ ಇತ್ತಲೇ ನೋಡುತ್ತಿದ್ದಳು. ನಾಜಿರಾ ಬಗ್ಗಿ ಜೇನಿನ ಬಟ್ಟಲನ್ನು ಎತ್ತಿಕೊಂಡಳು. "ಹೇಗೂ ಅವರ ಮನೆಗೇ ಹೋಗ್ತಿದೀನಿ. ಹಿತ್ತಲಿಂದ ಯಾಕೆ ಓಡಿಸ್ತೀರಾ, ನಾನೇ ಒಯ್ತೀನಿ."

ಅಜ್ಜಿಯ ಮುಖ ಕಿವಿಯವರೆಗೂ ಕೆಂಪಾಯಿತು. ಆಮೇಲೆ ಬಟ್ಟಲಿದ್ದ ಕಡೆ ಉಳಿದಿದ್ದುದನ್ನು ಎತ್ತಿ, ತಲೆವಸ್ತ್ರದ ತುದಿಯಲ್ಲಿ ಒರೆಸಿ ಕೊಟ್ಟಳು.

"ಹಾಗಾದ್ರೆ ಈ ಚಮಚಾನೂ ತಗೊಂಡು ಹೋಗು ಮಗಳೇ. ಇದು ಸೈರಾದು."